ನಾಲೆ ಬಯಲಿನ ಮಿದುಳುಜ್ವರ: ವಿ.ಸಿ. ಫಾರಂ ಸೀಮೆಯ ವೈರಾಣು ಶೋಧದ ಬಗ್ಗೆ ಒಂದು ಟಿಪ್ಪಣಿ

ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ವೈರಾಣುಗಳ ಅಧ್ಯಯನ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಸೊರಬದ ಕ್ಯಾಸನೂರು ಕಾಡು. 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತವರ ಸಂಗಡಿಗರು ಅಲ್ಲಿ ಸತ್ತ ಮಂಗಗಳ ಜಾಡು ಹಿಡಿದು ಮಂಗನ ಕಾಯಿಲೆಯ ಹೊಸ ವೈರಾಣುವನ್ನು ಗುರುತಿಸಿದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಸಂಸ್ಥೆ, ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಹೊಸ ಹೆಸರಿನಲ್ಲಿ, ಮಂಡ್ಯದ ಗದ್ದೆಬಯಲಿನಲ್ಲಿ ನಡೆಸಿದ ಶೋಧ ಮಾತ್ರ ಮಂಡ್ಯದವರಿಗೂ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಕಾಡಿರಲಿಲ್ಲ, ಸತ್ತು ಬಿದ್ದ ಮಂಗಗಳಿರಲಿಲ್ಲ. ಇದ್ದದ್ದು ಭತ್ತದ ಗದ್ದೆ, ದನದ ಕೊಟ್ಟಿಗೆ, ಬೆಳ್ಳಕ್ಕಿ, ಹಂದಿ.

1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಜಪಾನೀಸ್ ಮಿದುಳುಜ್ವರದ ಪಿಡುಗು ಕಾಣಿಸಿಕೊಂಡಿತು. ಮರುವರ್ಷವೇ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಆ ಪಿಡುಗಿನ ವಾಹಕ ಸೊಳ್ಳೆಗಳ ಬಗ್ಗೆ ಎ.ಸಿ. ಮಿಶ್ರಾ, ಪಿ.ಜಿ. ಜೇಕಬ್, ಎಸ್. ರಾಮಾನುಜಂ, ಎಚ್.ಆರ್. ಭಟ್ ಮತ್ತು ಕೆ.ಎಂ. ಪಾವ್ರಿ ಅವರ ಪ್ರಬಂಧ ಪ್ರಕಟವಾಯಿತು. ಈ ಹೆಸರುಗಳನ್ನು ಗಮನಿಸಬೇಕು. ಖುರ್ಷೀದ್ ಪಾವ್ರಿ ಆ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿ. ಭಟ್ ಮಂಗನ ಕಾಯಿಲೆ ಹರಡುವ ಉಣ್ಣೆಗಳ ಅಧ್ಯಯನದಲ್ಲಿ ಪಳಗಿದವರು. ಮಿಶ್ರಾ ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ಅಂದರೆ ಮಲೆನಾಡಿನ ಉಣ್ಣೆಯ ಅನುಭವ ಮೈದಾನದ ಸೊಳ್ಳೆಯ ಕೆಲಸಕ್ಕೂ ಬಂದಿತ್ತು.

ಜಪಾನೀಸ್ ಮಿದುಳುಜ್ವರದ ವೈರಾಣು ಪ್ರತ್ಯೇಕವಾದದ್ದು 1935ರಲ್ಲಿ, ಜಪಾನಿನಲ್ಲಿ. ಭಾರತದಲ್ಲಿ ರೋಗಿಗಳು ಮೊದಲು ಗುರುತಾದದ್ದು 1955ರಲ್ಲಿ, ವೆಲ್ಲೂರಿನ ಕಡೆ. ದೊಡ್ಡ ಪಿಡುಗು ಬಂಗಾಳದ ಬಂಕುರಾದಲ್ಲಿ, 1973ರಲ್ಲಿ. ಎಪ್ಪತ್ತರ ದಶಕದ ಕೊನೆಗೆ ಕೋಲಾರಕ್ಕೆ ಬಂತು. ನಂತರ ಮಂಡ್ಯ.

ಮಂಡ್ಯವೇ ಏಕೆ ಎಂಬುದಕ್ಕೆ ಉತ್ತರ ನಾಲೆಯಲ್ಲಿದೆ. ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ರಾಗಿ ಹೊಲಗಳನ್ನು ಕಬ್ಬು-ಭತ್ತದ ಬಯಲಾಗಿಸಿತು. ಆ ಹೊಸ ಬೇಸಾಯಕ್ಕೆ ದಾರಿ ತೋರುವ ಜಾಗವಾಗಿ ಬೆಳೆದದ್ದು ವಿ.ಸಿ. ಫಾರಂ, ಅಂದರೆ ಈ ವಿಶ್ವೇಶ್ವರಯ್ಯ ನಾಲೆಯ ಹೆಸರಿನ ಕೃಷಿ ಸಂಶೋಧನಾ ಕೇಂದ್ರ. ತಳಿತಜ್ಞ ಲಕ್ಷ್ಮಣಯ್ಯನವರ ಇಂಡಾಫ್ ರಾಗಿ, ಕೆ.ಆರ್.ಎಚ್. 2 ಹೈಬ್ರಿಡ್ ಭತ್ತ ಬಂದದ್ದು ಇಲ್ಲಿಂದಲೇ. ನೀರು ನಿಂತ ಗದ್ದೆ ಭತ್ತಕ್ಕೆ ಹೇಗೋ ಕ್ಯೂಲೆಕ್ಸ್ ಟ್ರೈಟೀನಿಯೋರಿಂಕಸ್ ಎಂಬ ಸೊಳ್ಳೆಗೂ ಹಾಗೇ ಹಿತ. ನಾಟಿ ಮುಗಿದ ಮೊದಲ ಕೆಲವು ವಾರ, ಪೈರು ಇನ್ನೂ ತೆಳುವಾಗಿ ನೀರಿಗೆ ಬಿಸಿಲು ಬೀಳುವ ಹೊತ್ತು, ಅದರ ಮರಿಹುಳುಗಳಿಗೆ ಸುಗ್ಗಿ. ಕರ್ನಾಟಕದಲ್ಲಿ ಈ ಜ್ವರ ವರ್ಷಕ್ಕೆ ಎರಡು ಸಲ, ಏಪ್ರಿಲ್–ಜುಲೈನಲ್ಲಿ ಜೋರಾಗಿ, ಸೆಪ್ಟೆಂಬರ್–ಡಿಸೆಂಬರ್‌ನಲ್ಲಿ ತುಸು ಮೆಲ್ಲಗೆ, ತಲೆ ಎತ್ತುತ್ತಿದ್ದುದನ್ನು ವೈದ್ಯಕೀಯ ಸಾಹಿತ್ಯ ದಾಖಲಿಸಿದೆ. ಎರಡು ಬೆಳೆ ತೆಗೆಯುವ ಸೀಮೆಗೆ ಈ ಲೆಕ್ಕ ಅಪರಿಚಿತವಲ್ಲ.

ಈ ಸೊಳ್ಳೆಗೆ ಮನುಷ್ಯನ ರಕ್ತದ ಮೇಲೆ ಅಂಥ ಆಸೆಯೇನೂ ಇಲ್ಲ. ಅದು ಹುಡುಕುವುದು ದನವನ್ನು. ಆದರೆ ದನದ ರಕ್ತದಲ್ಲಿ ಇನ್ನೊಂದು ಸೊಳ್ಳೆಗೆ ದಾಟುವಷ್ಟು ವೈರಾಣು ಬೆಳೆಯುವುದಿಲ್ಲ. ಮನುಷ್ಯನಲ್ಲೂ ಇಲ್ಲ. ಬೆಳೆಯುವುದು ಹಂದಿಯಲ್ಲಿ, ಬಕ-ಬೆಳ್ಳಕ್ಕಿಗಳ ಕುಲದ ಹಕ್ಕಿಗಳಲ್ಲಿ. ಇಲ್ಲಿ ಒಂದು ಅನುಮಾನವನ್ನು ನಿವಾರಿಸಿಕೊಳ್ಳಬೇಕು: ಹಕ್ಕಿ ಎಂದೊಡನೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನತ್ತ ಬೆರಳು ತೋರುವುದು ಸುಲಭ. ಆ ಊರಿಗೆ ಹೆಸರು ತಂದ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಬೇರೆ ಕುಟುಂಬದವು. ಸಂಶೋಧಕರ ಗಮನ ಇದ್ದದ್ದು ಎಲ್ಲ ಊರಿನ ಗದ್ದೆಗಳಲ್ಲೂ ಕಾಣುವ ಕೊಳದ ಬಕ ಮತ್ತು ಬೆಳ್ಳಕ್ಕಿಗಳ ಮೇಲೆ.

ಕ್ಷೇತ್ರಕಾರ್ಯದ ವಿಧಾನ ಹೇಳಿದರೆ ಇದರ ಶ್ರಮ ಅರ್ಥವಾದೀತು. ಹೊತ್ತು ಮುಳುಗಿದ ಮೇಲೆ ಕೊಟ್ಟಿಗೆಯ ಬಳಿ ಟಾರ್ಚ್ ಹಿಡಿದು, ದನದ ಮೈಮೇಲೆ, ಗೋಡೆಯ ಮೇಲೆ, ಪಕ್ಕದ ಗಿಡಗಳಲ್ಲಿ ಕೂತ ಸೊಳ್ಳೆಗಳನ್ನು ಗಾಜಿನ ನಳಿಗೆಯಿಂದ ಒಂದೊಂದಾಗಿ ಹೀರಿ ಹಿಡಿಯಬೇಕು. ಪ್ರಯೋಗಾಲಯದಲ್ಲಿ ಅವನ್ನು ತಣ್ಣಗಿನ ಮೇಜಿನ ಮೇಲಿಟ್ಟು ಜಾತಿವಾರು ಬೇರೆ ಮಾಡಬೇಕು. ಟ್ರೈಟೀನಿಯೋರಿಂಕಸ್ ಸೇರಿದಂತೆ ವಿಷ್ಣುಯಿ ಗುಂಪಿನ ಮೂರು ಸೊಳ್ಳೆಗಳು ಬರಿಗಣ್ಣಿಗೆ ಅಣ್ಣತಮ್ಮಂದಿರಂತೆ. ಬೇರ್ಪಡಿಸಲು ಸೂಕ್ಷ್ಮದರ್ಶಕವೂ ತಾಳ್ಮೆಯೂ ಬೇಕು. ಹೀಗೆ ವಿಂಗಡಿಸಿದ ಸೊಳ್ಳೆಗಳನ್ನು ಗುಂಪು ಗುಂಪಾಗಿ ಅರೆದು, ಆ ದ್ರಾವಣವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ, ಮರಿ ಕಾಯಿಲೆ ಬೀಳುತ್ತದೆಯೇ ಎಂದು ಕಾಯುವುದು ಆ ಕಾಲದ ರೂಢಿ. ಸಾವಿರಾರು ಸೊಳ್ಳೆ ಅರೆದರೂ ಹೆಚ್ಚಿನ ಸಲ ಏನೂ ಸಿಗುವುದಿಲ್ಲ.

ಇದಕ್ಕಿಂತ ಜಾಣ ದಾರಿ ಹಂದಿಯದು. ಜಿ. ಗೀವರ್ಗೀಸ್, ಜೇಕಬ್, ಭಟ್ ಮೊದಲಾದವರು ಮಂಡ್ಯ ಜಿಲ್ಲೆಯಲ್ಲಿ ಸಾಕುಹಂದಿಗಳನ್ನೇ ಕಾವಲಿಗಿಟ್ಟು ವೈರಾಣುವಿನ ಓಡಾಟವನ್ನು ಅಳೆದರು; ಆ ಪ್ರಬಂಧ 1991ರಲ್ಲಿ ಪ್ರಕಟವಾಗಿದೆ. ಈ ವಿಧಾನದ ತತ್ವ ಸರಳ: ಮೈಯಲ್ಲಿ ಪ್ರತಿಕಾಯವಿಲ್ಲದ ಎಳೆಯ ಹಂದಿಯ ರಕ್ತವನ್ನು ಆಗಾಗ ತೆಗೆದು ನೋಡಿದಾಗ, ಇದ್ದಕ್ಕಿದ್ದಂತೆ ಪ್ರತಿಕಾಯ ಕಂಡರೆ ವೈರಾಣು ಆ ಊರಿಗೆ ಬಂದಿದೆ ಎಂದೇ ಅರ್ಥ. ಹಂದಿಗೆ ಕಾಯಿಲೆ ಕಾಣುವುದು ಅಪರೂಪ. ಗಬ್ಬದ ಹಂದಿ ಕಂದು ಹಾಕಬಹುದು, ಅಷ್ಟೆ. ಮನುಷ್ಯರಲ್ಲಿ ಸೋಂಕು ತಗಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ತೀವ್ರ ಜ್ವರ ಬರುತ್ತದೆ. ಬಂದವರಲ್ಲಿ ನೂರಕ್ಕೆ 30ರವರೆಗೂ ಸಾಯಬಹುದು, ಉಳಿದ ಮಕ್ಕಳಲ್ಲಿ ಅನೇಕರಿಗೆ ಮಾತು, ನಡಿಗೆ, ಬುದ್ಧಿ ಊನವಾಗುತ್ತದೆ. ಹಾಗಾಗಿ ಒಂದು ಮಗು ಆಸ್ಪತ್ರೆಯ ವಾರ್ಡು ಸೇರುವ ಹೊತ್ತಿಗೆ ವೈರಾಣು ಊರೆಲ್ಲ ಸುತ್ತಿ ಮುಗಿದಿರುತ್ತದೆ. ಹಂದಿ ಅದಕ್ಕೂ ಮೊದಲೇ ಸುದ್ದಿ ಕೊಡುತ್ತದೆ. ಊರ ಹೊರಗೆ ಹಂದಿ ಸಾಕುವವರನ್ನು ಬೈಯುವುದರಲ್ಲೇ ಮುಗಿಯುವ ನಮ್ಮ ಆರೋಗ್ಯ ಪ್ರಚಾರಕ್ಕೆ ಈ ಉಪಯೋಗ ಹೊಳೆದಂತಿಲ್ಲ.

ನೀರಿನ ಪ್ರಶ್ನೆಗೆ ಮರಳುವೆ. ಮದುರೈನ ವೈದ್ಯಕೀಯ ಕೀಟಶಾಸ್ತ್ರ ಕೇಂದ್ರದಲ್ಲಿ ರೇಚಲ್ ರೂಬೆನ್ ಮತ್ತು ಸಹೋದ್ಯೋಗಿಗಳು ತೊಂಬತ್ತರ ದಶಕದಲ್ಲಿ ಗದ್ದೆಗೆ ಬಿಟ್ಟುಬಿಟ್ಟು ನೀರು ಹಾಯಿಸಿ ಸೊಳ್ಳೆ ತಗ್ಗಿಸುವ ಪ್ರಯೋಗ ನಡೆಸಿದರು. ಯೂರಿಯಾ ಹಾಕಿದ ಗದ್ದೆಯಲ್ಲಿ ಮರಿಹುಳು ಹೆಚ್ಚುವುದನ್ನೂ, ಬೇವಿನ ಹಿಂಡಿ ಸೇರಿದರೆ ತಗ್ಗುವುದನ್ನೂ ಅದೇ ಗುಂಪು ತೋರಿಸಿತು. ಮಂಡ್ಯದಲ್ಲಿ 'ಕಟ್ಟು ಪದ್ಧತಿ' ಎಂದರೆ ಯಾರಿಗೂ ವಿವರಿಸಬೇಕಿಲ್ಲ. ನಾಲೆಗೆ ಸರದಿಯಂತೆ ನೀರು ಬಿಡುವುದು, ನಿಲ್ಲಿಸುವುದು. ಆದರೆ ಅದು ಬರಗಾಲದ ಲೆಕ್ಕ. ಸೊಳ್ಳೆಯ ಮರಿ ರೆಕ್ಕೆ ಬಲಿತು ಹಾರುವ ಮುನ್ನ ಗದ್ದೆ ಕೆಲವು ದಿನ ಒಣಗಬೇಕೆಂದರೆ ಸರದಿ ಬಹಳ ಬಿಗಿಯಾಗಿರಬೇಕು. ನಾಲೆಯ ಕೊನೆಯಲ್ಲಿರುವ ಮಳವಳ್ಳಿಯ ರೈತ, ಮುಂದಿನ ಕಟ್ಟಿನ ನೀರು ತನ್ನ ಗದ್ದೆ ಮುಟ್ಟುತ್ತದೋ ಇಲ್ಲವೋ ಎಂಬ ಭಯದಲ್ಲಿ, ಬಂದ ನೀರನ್ನು ಬದು ಕಟ್ಟಿ ನಿಲ್ಲಿಸಿಕೊಳ್ಳುತ್ತಾನೆ. ಅವನದು ತಪ್ಪೆನ್ನಲಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿ ಅವರು ರೂಪಿಸಿದ ಏರೋಬಿಕ್ ಭತ್ತದ ತಳಿಗಳಿಗೆ ನಿಂತ ನೀರೇ ಬೇಡ. ನೀರು ಉಳಿಸಲೆಂದು ಬಂದ ಇವು ಸೊಳ್ಳೆಯ ದೃಷ್ಟಿಯಿಂದಲೂ ಪರೀಕ್ಷೆಗೆ ಯೋಗ್ಯ. ನಾಟಿ ದಿನಾಂಕ, ನೀರು, ಗೊಬ್ಬರದ ಲೆಕ್ಕವಿಡುವ ವಿ.ಸಿ. ಫಾರಂ ಮತ್ತು ಸೊಳ್ಳೆಯ ಲೆಕ್ಕವಿಡುವ ಆರೋಗ್ಯ ಇಲಾಖೆ ಒಂದೇ ಗದ್ದೆಯಲ್ಲಿ ಕೂಡಿ ದುಡಿಯಬೇಕೆಂಬುದೇ ನನ್ನ ವಾದ.

ಅಲ್ಲಿಯವರೆಗೆ ಇರುವ ಆಸರೆ ಲಸಿಕೆ. ಎಂಬತ್ತರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಪ್ರತ್ಯೇಕಿಸಿದ ವೈರಾಣುವಿನಿಂದಲೇ ಭಾರತ್ ಬಯೋಟೆಕ್‌ನ 'ಜೆನ್‌ವ್ಯಾಕ್' ತಯಾರಾಗಿ 2013ರಲ್ಲಿ ಹೊರಬಂತು. ಆದರೆ ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡದ ಕಾರಣ, ನೆರೆಮನೆಯ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡರೂ ನಿಮ್ಮ ಮಗುವಿಗೆ ಅದರಿಂದ ರಕ್ಷಣೆಯಿಲ್ಲ; ಬಕ, ಹಂದಿ, ಸೊಳ್ಳೆಗಳ ನಡುವೆ ವೈರಾಣು ಸುತ್ತುತ್ತಲೇ ಇರುತ್ತದೆ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ಲಸಿಕೆಯ ಒಂದು ಡೋಸ್, 16ರಿಂದ 24 ತಿಂಗಳೊಳಗೆ ಇನ್ನೊಂದು. ನಾಲೆ ಬಯಲಿನ ತಂದೆತಾಯಿ ತಾಯಿ ಕಾರ್ಡಿನಲ್ಲಿ ಈ ಎರಡೂ ದಾಖಲಾಗಿವೆಯೇ ಎಂದು ನೋಡಿಕೊಳ್ಳಲಿ.