ಹೊಸ ಉಪಕರಣಗಳ ಖರೀದಿ: ಬೆಲೆಚೀಟಿಯಲ್ಲಿ ಕಾಣದ ವೆಚ್ಚಗಳು

ಆಷಾಢದ ರಿಯಾಯಿತಿ, ದಸರೆಯ ಕೊಡುಗೆ, ಹೊಸ ವರ್ಷದ ಮಾರಾಟ ಎಂದು ಹೈದರಾಬಾದಿನ ಅಂಗಡಿಗಳಲ್ಲಿ ಒಂದು ಮುಗಿಯುವಷ್ಟರಲ್ಲಿ ಮತ್ತೊಂದು ಆರಂಭವಾಗುತ್ತದೆ. ಮಣಿಕೊಂಡ, ಪುಪ್ಪಾಲಗೂಡ, ಗಚ್ಚಿಬೌಲಿಗಳ ಸುತ್ತ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಮೊಬೈಲ್, ಲ್ಯಾಪ್‌ಟಾಪ್, ಟಿವಿಗಳನ್ನು ಕೊಳ್ಳುವುದು ಬಹುಮಟ್ಟಿಗೆ ಇಂತಹ ದಿನಗಳಲ್ಲಿಯೇ. ವಸ್ತುವಿನ ಬೆಲೆಯನ್ನು ನಾಲ್ಕಾರು ಕಡೆ ವಿಚಾರಿಸಿ, ಸಾವಿರ ರೂಪಾಯಿ ಉಳಿಸಿದೆವೆಂದು ಸಂತೋಷಪಡುತ್ತೇವೆ. ಮನೆಗೆ ಬಂದು ಡಬ್ಬಿ ತೆರೆದ ಮೇಲೆ ಚಾರ್ಜರ್, ಕವಚ, ಕೇಬಲ್, ಗೋಡೆಯ ಆಸರೆ ಎಂದು ಒಂದೊಂದೇ ಖರ್ಚು ತಲೆಯೆತ್ತುತ್ತದೆ. ಈ ಪೂರಕ ಸಾಮಗ್ರಿಗಳ ವೆಚ್ಚವನ್ನು ಮುಂದಾಗಿಯೇ ಅಂದಾಜು ಮಾಡುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ಇಂತಹ ವೆಚ್ಚ ಹೊಸದೇನಲ್ಲ. ನಮ್ಮ ಹಿರಿಯರು ರೇಡಿಯೋ ಕೊಂಡಾಗ ಪೆಟ್ಟಿಗೆಯ ಬೆಲೆಯ ಜೊತೆಗೆ ಛಾವಣಿಗೆ ಏರಿಯಲ್ ತಂತಿ ಕಟ್ಟಿಸಬೇಕಿತ್ತು. ಅಂಚೆ ಕಚೇರಿಯಲ್ಲಿ ಪರವಾನಗಿ ಶುಲ್ಕವನ್ನೂ ತುಂಬಬೇಕಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಆ ಪರವಾನಗಿ ಪದ್ಧತಿ ರದ್ದಾಯಿತು. ಅಂದಿನ ಆ ಖರ್ಚು ಕೊಳ್ಳುವವರಿಗೆಲ್ಲ ಮೊದಲೇ ತಿಳಿದಿರುತ್ತಿತ್ತು. ಇಂದಿನ ಖರ್ಚು ಹಣ ತೆತ್ತ ಬಳಿಕವೇ ತಿಳಿಯುತ್ತದೆ.

ಚಾರ್ಜರ್ ಇಲ್ಲದ ಡಬ್ಬಿ

2020ರ ಅಕ್ಟೋಬರ್‌ನಲ್ಲಿ ಆಪಲ್ ಸಂಸ್ಥೆಯು ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಮತ್ತು ಇಯರ್‌ಫೋನ್‌ಗಳನ್ನು ತೆಗೆದುಹಾಕಿತು. 2021ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್21 ಮಾಲಿಕೆಯಲ್ಲಿ ಇದೇ ದಾರಿ ಹಿಡಿಯಿತು. ಜನರ ಬಳಿ ಹಳೆಯ ಚಾರ್ಜರ್‌ಗಳು ಇದ್ದೇ ಇರುತ್ತವೆ, ತ್ಯಾಜ್ಯ ಕಡಿಮೆಯಾಗುತ್ತದೆ ಎಂಬುದು ತಯಾರಕರು ನೀಡಿದ ಕಾರಣ. ಆದರೆ ಐಫೋನ್ 12ರ ಜೊತೆ ಕೊಟ್ಟ ಕೇಬಲ್ಲಿನ ಒಂದು ತುದಿ ಟೈಪ್-ಸಿ ಆಗಿದ್ದು, ಅನೇಕರ ಮನೆಯಲ್ಲಿದ್ದ ಹಳೆಯ ಚೌಕ ಕಿಂಡಿಯ ಚಾರ್ಜರ್‌ಗೆ ಅದು ಹೊಂದುತ್ತಿರಲಿಲ್ಲ. ಭಾರತದಲ್ಲಿ 79,900 ರೂಪಾಯಿಗೆ ಆರಂಭವಾದ ಆ ಫೋನಿಗೆ 20 ವ್ಯಾಟ್ ಚಾರ್ಜರ್ ಬೇಕೆಂದರೆ ಆಗ ಮತ್ತೆ 1,900 ರೂಪಾಯಿ ತೆರಬೇಕಾಗಿತ್ತು. ಬ್ರೆಜಿಲ್ ಸರ್ಕಾರವು ಈ ವಾದವನ್ನು ಒಪ್ಪದೆ 2022ರ ಸೆಪ್ಟೆಂಬರ್‌ನಲ್ಲಿ ಚಾರ್ಜರ್ ಇಲ್ಲದ ಐಫೋನ್‌ಗಳ ಮಾರಾಟವನ್ನು ತಡೆದು ದಂಡ ವಿಧಿಸಿತು.

ಐರೋಪ್ಯ ಒಕ್ಕೂಟ ಮತ್ತೊಂದು ಮಾರ್ಗವನ್ನು ಆರಿಸಿಕೊಂಡಿತು. ಅಲ್ಲಿನ ಗ್ರಾಹಕರು ಬಿಡಿ ಚಾರ್ಜರ್‌ಗಳಿಗಾಗಿಯೇ ವರ್ಷಕ್ಕೆ ಸುಮಾರು 240 ಕೋಟಿ ಯೂರೋ ಖರ್ಚು ಮಾಡುತ್ತಿದ್ದಾರೆಂದು ಅಂದಾಜಿಸಿ, 2022ರಲ್ಲಿ ಏಕರೂಪ ಚಾರ್ಜರ್ ಕಾನೂನನ್ನು ಅಂಗೀಕರಿಸಿತು. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನ್, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆ ಟೈಪ್-ಸಿ ಕಿಂಡಿ ಕಡ್ಡಾಯವಾಯಿತು. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ 2023ರ ಜನವರಿಯಲ್ಲಿ ಟೈಪ್-ಸಿ ಕುರಿತ ಮಾನಕವನ್ನು ಪ್ರಕಟಿಸಿತು.

ಒಂದೇ ಆಕಾರ, ಬೇರೆ ಬೇರೆ ಸಾಮರ್ಥ್ಯ

ಕಿಂಡಿ ಒಂದೇ ಆದ ಮಾತ್ರಕ್ಕೆ ಎಲ್ಲವೂ ಎಲ್ಲದಕ್ಕೂ ಹೊಂದುವುದಿಲ್ಲ. ಟೈಪ್-ಸಿ ಕೇಬಲ್‌ಗಳಲ್ಲಿ 60 ವ್ಯಾಟ್ ಸಾಗಿಸುವವು, 100 ವ್ಯಾಟ್ ಸಾಗಿಸುವವು, 240 ವ್ಯಾಟ್‌ವರೆಗೆ ಸಾಗಿಸುವವು ಇವೆ. ನೋಡಲು ಎಲ್ಲವೂ ಒಂದೇ. ಹೆಚ್ಚು ವಿದ್ಯುತ್ ಬೇಡುವ ಲ್ಯಾಪ್‌ಟಾಪಿಗೆ ಫೋನಿನ ಕೇಬಲ್ ಜೋಡಿಸಿದರೆ ಅದು ನಿಧಾನವಾಗಿ ತುಂಬುತ್ತದೆ. ಕೆಲವು ಕಂಪನಿಗಳ ಶೀಘ್ರ ಚಾರ್ಜಿಂಗ್ ವ್ಯವಸ್ಥೆ ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದರೆ ಮಾತ್ರ ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ ಹತ್ತನೆಯ ತಲೆಮಾರಿನ ಐಪ್ಯಾಡ್‌ಗೆ ಟೈಪ್-ಸಿ ಕಿಂಡಿಯಿತ್ತು. ಅದಕ್ಕೆ ಹೊಂದುವ ಪೆನ್ಸಿಲ್ಲಿಗೆ ಹಳೆಯ ಲೈಟ್ನಿಂಗ್ ತುದಿಯಿತ್ತು. ಪೆನ್ಸಿಲನ್ನು ಮೊದಲೇ ಕೊಂಡಿದ್ದವರು ಎರಡನ್ನೂ ಬೆಸೆಯಲು ಮತ್ತೊಂದು ಕೊಂಡಿಯನ್ನು ಕೊಳ್ಳಬೇಕಾಯಿತು.

ಅಸಲಿ ಚಾರ್ಜರ್ ದುಬಾರಿಯೆಂದು ಕೋಠಿಯ ಗುಜರಾತಿ ಗಲ್ಲಿಯಲ್ಲೋ, ಅಬಿಡ್ಸ್‌ನ ಜಗದೀಶ್ ಮಾರ್ಕೆಟ್ಟಿನಲ್ಲೋ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಅಗ್ಗದ್ದನ್ನು ಅರಸುವುದು ಸಹಜ. ಬೇರೆ ಕಂಪನಿಯ ಚಾರ್ಜರ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅದರ ಮೇಲೆ ಮಾನಕ ಬ್ಯೂರೋದ ಗುರುತು ಹಾಗೂ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ರಾತ್ರಿಯಿಡೀ ಹಾಸಿಗೆಯ ಪಕ್ಕದಲ್ಲಿ ಉರಿಯುವ ವಸ್ತುವಿನಲ್ಲಿ ಇನ್ನೂರು ರೂಪಾಯಿ ಉಳಿಸಲು ಹೋಗುವುದು ವಿವೇಕವಲ್ಲ.

ಲ್ಯಾಪ್‌ಟಾಪಿನ ಲೆಕ್ಕ

ಇಂಜಿನಿಯರಿಂಗ್ ಸೇರಿದ ಮಗಳಿಗೆ 55,000 ರೂಪಾಯಿಯ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದೇವೆಂದು ಭಾವಿಸೋಣ. ಅಂಗಡಿಯಲ್ಲಿ ಚೀಲಕ್ಕೆ 1,500, ಮೌಸ್‌ಗೆ 600, ಹೆಚ್ಚುವರಿ ಕಿಂಡಿಗಳ ಹಬ್‌ಗೆ 1,800, ಹೊರ ಹಾರ್ಡ್ ಡಿಸ್ಕ್‌ಗೆ 4,500, ವಿಸ್ತೃತ ವಾರಂಟಿಗೆ 3,500 ಸೇರಿದರೆ ಒಟ್ಟು 11,900 ಆಯಿತು. ಕೈಬಿಟ್ಟ ಹಣ 66,900. ಹೆಚ್ಚಳ ಮೂಲ ಬೆಲೆಯ ಐದನೆಯ ಒಂದು ಪಾಲಿಗೂ ಮಿಗಿಲು. ಈ ಮೊತ್ತ ಮೊದಲೇ ತಿಳಿದಿದ್ದರೆ ಬೇಕಾದ ಕಿಂಡಿಗಳೆಲ್ಲ ಇರುವ, ಹೆಚ್ಚು ಸ್ಮರಣೆಯ ಬೇರೊಂದು ಮಾದರಿಯನ್ನೇ ಆರಿಸಬಹುದಿತ್ತು.

ಇಲ್ಲಿ ಅವಶ್ಯಕವಾದದ್ದನ್ನೂ ಮುಂದೂಡಬಹುದಾದದ್ದನ್ನೂ ಬೇರ್ಪಡಿಸಬೇಕು. ಕಾಲೇಜುಗಳು ಕೆಲವೊಮ್ಮೆ ವಿದ್ಯಾರ್ಥಿಗಳಿಗೆ ಆಫೀಸ್ ತಂತ್ರಾಂಶವನ್ನು ತಾವೇ ಒದಗಿಸುತ್ತವೆ. ಇಲ್ಲವಾದರೆ ಉಚಿತವಾದ ಲಿಬ್ರೆ ಆಫೀಸ್ ಇದೆ. ಅದು ಕನ್ನಡದಲ್ಲಿಯೂ ದೊರೆಯುತ್ತದೆ. ಚೀಲ, ಹಬ್‌ಗಳ ಅಗತ್ಯ ತಿಂಗಳೊಪ್ಪತ್ತು ಬಳಸಿದ ಮೇಲೆ ತಾನೇ ತಿಳಿಯುತ್ತದೆ.

ಕೊಂಡ ನಂತರವೂ ನಿಲ್ಲದ ಖರ್ಚು

ಮುದ್ರಣ ಯಂತ್ರದ ವಿಷಯದಲ್ಲಿ ಯಂತ್ರ ಅಗ್ಗ, ಶಾಯಿ ದುಬಾರಿ. ಕಾರ್ಟ್ರಿಜ್ ಎಷ್ಟು ಪುಟಗಳನ್ನು ಮುದ್ರಿಸಬಲ್ಲದೆಂದು ತಯಾರಕರು ತಿಳಿಸಿರುತ್ತಾರೆ. ಅದರ ಬೆಲೆಯನ್ನು ಪುಟಗಳ ಸಂಖ್ಯೆಯಿಂದ ಭಾಗಿಸಿದರೆ ಪ್ರತಿ ಪುಟದ ನಿಜವಾದ ಖರ್ಚು ದೊರೆಯುತ್ತದೆ. ಮಕ್ಕಳ ಶಾಲೆಯ ಕೆಲಸಕ್ಕೆ ಹೆಚ್ಚು ಮುದ್ರಿಸುವ ಮನೆಗೆ, ಮೊದಲ ಬೆಲೆ ಹೆಚ್ಚಿದ್ದರೂ ಶಾಯಿ ತೊಟ್ಟಿಯ ಯಂತ್ರವೇ ಲಾಭದಾಯಕ.

ಟಿವಿಗೆ ಗೋಡೆಯ ಆಸರೆ, ಹವಾನಿಯಂತ್ರಕಕ್ಕೆ ಹೊರಘಟಕದ ಕಬ್ಬಿಣದ ಚೌಕಟ್ಟು ಮತ್ತು ಹೆಚ್ಚುವರಿ ತಾಮ್ರದ ಕೊಳವೆ ಬೇಕಾಗುತ್ತವೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಇರುವ ತಂದೆತಾಯಿಗಳಿಗೆ ಕಳುಹಿಸುವುದಾದರೆ ಅಲ್ಲಿನ ವೋಲ್ಟೇಜ್ ಏರಿಳಿತವನ್ನು ವಿಚಾರಿಸಿ, ಸ್ಟೆಬಿಲೈಸರ್ ಬೇಕೇ ಎಂದು ಮೊದಲೇ ತಿಳಿಯುವುದು ಒಳಿತು.

ಅಮೆರಿಕೆಯಿಂದ ಬರುವ ಉಡುಗೊರೆ

ಮಕ್ಕಳು ಅಮೆರಿಕೆಯಿಂದ ತರುವ ವಸ್ತುಗಳಿಗೂ ಇದೇ ಎಚ್ಚರಿಕೆ ಬೇಕು. ಅಲ್ಲಿನ ಮನೆಬಳಕೆಯ ವಿದ್ಯುತ್ 120 ವೋಲ್ಟ್, ನಮ್ಮದು 230 ವೋಲ್ಟ್. ಫೋನ್, ಲ್ಯಾಪ್‌ಟಾಪ್‌ಗಳ ಚಾರ್ಜರ್‌ಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಾಳುತ್ತವೆ. ಪ್ಲಗ್ ಬದಲಿಸಿದರೆ ಸಾಕು. ಅಡುಗೆಯ ಅಥವಾ ಕೂದಲು ಒಣಗಿಸುವ ಯಂತ್ರಗಳು ಹಾಗಲ್ಲ. ಬಹಳಷ್ಟಕ್ಕೆ ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕು. 2022ರ ಐಫೋನ್ 14ರಿಂದೀಚೆಗೆ ಅಮೆರಿಕೆಯಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಕಾರ್ಡ್ ಹಾಕುವ ಜಾಗವೇ ಇಲ್ಲ. ಇ-ಸಿಮ್ ಮಾತ್ರ ನಡೆಯುತ್ತದೆ.

ಕಾನೂನಿನ ಆಸರೆ

ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಹೇಳುತ್ತದೆ. ವಿಸ್ತೃತ ವಾರಂಟಿ ತೆಗೆದುಕೊಳ್ಳದಿದ್ದರೆ ಫೋನನ್ನೇ ಕೊಡುವುದಿಲ್ಲ ಎನ್ನುವ ಅಧಿಕಾರ ಅಂಗಡಿಗೆ ಇಲ್ಲ. ಅಂತರಜಾಲದ ಖರೀದಿಯಲ್ಲಿ ನಮ್ಮ ಒಪ್ಪಿಗೆಯಿಲ್ಲದೆ ಬುಟ್ಟಿಗೆ ವಸ್ತು ಸೇರಿಸುವುದನ್ನೂ, ಬೆಲೆಯ ಭಾಗಗಳನ್ನು ಮುಚ್ಚಿಟ್ಟು ಕೊನೆಯಲ್ಲಿ ತೋರಿಸುವುದನ್ನೂ 2023ರ ನವೆಂಬರ್ 30ರಂದು ಹೊರಬಿದ್ದ ಮಾರ್ಗಸೂಚಿಗಳು ನಿಷೇಧಿಸಿವೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದಾವೆ ಹೂಡಬಹುದಾದ್ದರಿಂದ, ಬೆಂಗಳೂರಿನಲ್ಲಿ ಕೊಂಡ ವಸ್ತುವಿಗಾಗಿ ಮಣಿಕೊಂಡದವರು ಅಲ್ಲಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ; ಅವಧಿ ಎರಡು ವರ್ಷ. ಬಿಲ್ಲು ಮಾತ್ರ ಜೋಪಾನವಾಗಿರಬೇಕು.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಡಬ್ಬಿಯಲ್ಲಿ ಏನೇನಿದೆ? ಚಾರ್ಜರ್ ಇದೆಯೇ?
2. ಮನೆಯಲ್ಲಿರುವ ಚಾರ್ಜರ್, ಕೇಬಲ್, ಇಯರ್‌ಫೋನ್ ಇದಕ್ಕೆ ಹೊಂದುತ್ತವೆಯೇ?
3. ಮೊದಲ ದಿನವೇ ಬೇಕಾದವು ಯಾವುವು? ತಿಂಗಳು ತಡೆದು ಕೊಳ್ಳಬಹುದಾದವು ಯಾವುವು?
4. ಶಾಯಿ, ಚಂದಾ, ಬ್ಯಾಟರಿ ಎಂದು ವರ್ಷಕ್ಕೆ ತಗಲುವ ಖರ್ಚೆಷ್ಟು?
5. ಅಳವಡಿಕೆಯ ಶುಲ್ಕ ಬೆಲೆಯಲ್ಲಿ ಸೇರಿದೆಯೇ?

ಈ ಐದಕ್ಕೂ ಉತ್ತರ ಬರೆದು ಕೂಡಿದಾಗ ಬರುವ ಮೊತ್ತವೇ ವಸ್ತುವಿನ ನಿಜವಾದ ಬೆಲೆ. ಎರಡು ಅಂಗಡಿಗಳನ್ನು, ಎರಡು ಮಾದರಿಗಳನ್ನು ಹೋಲಿಸಬೇಕಾದದ್ದು ಆ ಮೊತ್ತದಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಹಾಸಿಗೆಯ ಉದ್ದವನ್ನು ಅಂಗಡಿಗೆ ಹೋಗುವ ಮೊದಲೇ ಅಳೆದುಕೊಳ್ಳೋಣ.