ಹಟ್ಟಿಗೆ ಡೆಕ್ಸಾ ಬಂದ ಕಥೆ

ಡೆಕ್ಸಾಮೆಥಾಸೋನ್ ಎಂಬ ಉದ್ದದ ಹೆಸರು ನಮ್ಮೂರುಗಳಲ್ಲಿ ಹೆಚ್ಚಿನವರ ಕಿವಿಗೆ ಬಿದ್ದದ್ದು ಕೋವಿಡ್ ಕಾಲದಲ್ಲಿ. ಆಮ್ಲಜನಕ ಬೇಕಾದ ರೋಗಿಗಳ ಜೀವ ಉಳಿಸಲು ಇದು ನೆರವಾಗುತ್ತದೆ ಎಂದು 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಒಂದು ಪರೀಕ್ಷೆ ತೋರಿಸಿತು. ಮರುವರ್ಷ ಅದರ ಇನ್ನೊಂದು ಮುಖವನ್ನೂ ಕಂಡೆವು: ಮದ್ದು ತೆಗೆದುಕೊಂಡ ಎಷ್ಟೋ ಮಂದಿಯ ಸಕ್ಕರೆ ಏರಿತು. ನಮ್ಮ ಹಟ್ಟಿಯ ದನಗಳಿಗೆ ಮಾತ್ರ ಈ ಮದ್ದು ಹಳೆಯ ಪರಿಚಯ.

ಉಡುಪಿ ಸೀಮೆಯ ಹಳೆಯ ದನವೆಂದರೆ ಮಲೆನಾಡು ಗಿಡ್ಡ. ಗುಡ್ಡೆಯಲ್ಲಿ ಮೇಯ್ದು ಬಂದು, ಕರು ಕುಡಿದು ಉಳಿದದ್ದನ್ನು ಮನೆಗೆ ಕೊಡುವ ಜಾತಿ. 1974ರಲ್ಲಿ ಟಿ.ಎ. ಪೈಗಳ ಮುತುವರ್ಜಿಯಿಂದ ಮಣಿಪಾಲದಲ್ಲಿ ಕೆನರಾ ಮಿಲ್ಕ್ ಯೂನಿಯನ್ ಹುಟ್ಟಿತು. 1986ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಬಂತು. ಕಾಪು, ಕಾರ್ಕಳದ ಒಳ ಊರುಗಳಲ್ಲೂ ಹಾಲಿನ ಸೊಸೈಟಿಗಳಾದವು. ಹಾಲಿಗೆ ಬೆಲೆ ಸಿಕ್ಕಿದ ಮೇಲೆ ಹಟ್ಟಿಗೆ ಜರ್ಸಿ, ಎಚ್‌ಎಫ್ ಮಿಶ್ರತಳಿಗಳು ಬಂದವು.

ಜೊತೆಗೆ ಕೀಟೋಸಿಸ್ ಕೂಡ ಬಂತು. 10 ಲೀಟರ್ ಹಾಲಿನಲ್ಲಿ ಸುಮಾರು ಅರ್ಧ ಕಿಲೋ ಸಕ್ಕರೆ ಇರುತ್ತದೆ. ದನ ಮೇವಿನಿಂದ ಸಕ್ಕರೆಯನ್ನು ನೇರವಾಗಿ ಪಡೆಯುವುದು ತೀರಾ ಕಡಿಮೆ. ಹೆಚ್ಚಿನದನ್ನು ಅದರ ಪಿತ್ತಕೋಶವೇ ತಯಾರಿಸಬೇಕು. ಕರು ಹಾಕಿದ ಹೊಸತರಲ್ಲಿ ಅದು ಸಾಲದೆ ಹೋದರೆ ಮೈಯ ಕೊಬ್ಬು ಕರಗುತ್ತದೆ. ದನ ಹಿಂಡಿ ಬಿಡುತ್ತದೆ, ಉಸಿರು ಹಣ್ಣಿನ ಹಾಗೆ ನಾರುತ್ತದೆ. ಗಿಡ್ಡ ದನ ಸಾಕಿದ ಅಜ್ಜಂದಿರಿಗೆ ಈ ಕಾಯಿಲೆಯ ಚಿಂತೆ ಇರಲಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1948ರಲ್ಲಿ ಕೀಲುವಾತದ ರೋಗಿಗೆ ಮೊದಲು ಕೊಟ್ಟ ಕಾರ್ಟಿಸೋನ್‌ಗೆ 1950ರಲ್ಲಿ ನೊಬೆಲ್ ಬಂತು. ಕೆಲವೇ ವರ್ಷದಲ್ಲಿ ಅಲ್ಲಿನ ಪಶುವೈದ್ಯರು ಅದನ್ನು ಕೀಟೋಸಿಸ್ ದನಗಳಿಗೂ ಚುಚ್ಚಿ ನೋಡಿದರು. ರಕ್ತದ ಸಕ್ಕರೆ ಏರಿತು, ದನ ಮೇವಿಗೆ ಬಾಯಿ ಹಾಕಿತು. ಆ ದಶಕದ ಕೊನೆಗೆ ಬಂದ ಡೆಕ್ಸಾ ಅದಕ್ಕಿಂತ ಎಷ್ಟೋ ಪಟ್ಟು ಜೋರಿನದು.

ಸಕ್ಕರೆ ಏರುವುದು ಹೇಗೆ? ಡೆಕ್ಸಾ ಹೊಕ್ಕ ಮೇಲೆ ಪಿತ್ತಕೋಶ ಹೆಚ್ಚು ಸಕ್ಕರೆ ಮಾಡುತ್ತದೆ, ಮಾಂಸಖಂಡವು ಇನ್ಸುಲಿನ್‌ನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ರಕ್ತದ ಸಕ್ಕರೆಯನ್ನು ಮಾಂಸಖಂಡದೊಳಗೆ ಸೇರಿಸುವ ಹಾರ್ಮೋನೇ ಇನ್ಸುಲಿನ್. (ಮನುಷ್ಯರಿಗೆ 1922ರಲ್ಲಿ ಟೊರೊಂಟೊದಲ್ಲಿ ಕೊಟ್ಟ ಮೊದಲ ಇನ್ಸುಲಿನ್ ದನದ್ದೇ!) ಕೀಟೋಸಿಸ್ ದನಕ್ಕೆ ಕೆಲವು ದಿನ ಇದರಿಂದ ಉಪಕಾರ. ಹಾಲು ಸ್ವಲ್ಪ ಇಳಿಯುತ್ತದೆ, ಅದೂ ಆ ಹೊತ್ತಿಗೆ ಒಳ್ಳೆಯದೇ. ಈಗ ಬಾಯಿಗೆ ಕುಡಿಸುವ ಪ್ರೊಪಿಲೀನ್ ಗ್ಲೈಕಾಲ್ ಮೊದಲ ಮದ್ದಾಗಿದೆ.

ಕರುವಿನ ಲೆಕ್ಕ ಬೇರೆ. ಎಳೆಗರುವಿನ ದೊಡ್ಡ ಹೊಟ್ಟೆ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಕುಡಿದ ಹಾಲಿನ ಸಕ್ಕರೆ ಮನುಷ್ಯರ ಮಗುವಿನಲ್ಲಿ ಹೇಗೋ ಹಾಗೆ ನೇರ ರಕ್ತಕ್ಕೆ ಸೇರುತ್ತದೆ. ಅದನ್ನು ಬಳಸಿ ಬೆಳೆಯಲು ಇನ್ಸುಲಿನ್ ಬೇಕೇ ಬೇಕು. ಸ್ವಿಟ್ಜರ್ಲೆಂಡಿನ ಬರ್ನ್‌ನ ಸಂಶೋಧಕರು ಹೊಸದಾಗಿ ಹುಟ್ಟಿದ ಕರುಗಳಿಗೆ ಡೆಕ್ಸಾ ಕೊಟ್ಟು ನೋಡಿ 2006ರಲ್ಲಿ ಬರೆದದ್ದೂ ಇದನ್ನೇ: ಇನ್ಸುಲಿನ್ ಇದ್ದರೂ ಅದರ ಕೆಲಸ ಕುಂದುತ್ತದೆ.

ಹಾಗಾಗಿ, “ಕರು ಮಂಕಾಗಿದೆ, ಒಂದು ಡೆಕ್ಸಾ ಹಾಕಿಬಿಡಿ ಮಾರಾಯ್ರೆ” ಎನ್ನುವ ಮಾತು ನಮಗೆ ಹಿಡಿಸುವುದಿಲ್ಲ. ಇಂಜೆಕ್ಷನ್ ಬಿದ್ದ ಮೇಲೆ ಜ್ವರ ಇಳಿಯುತ್ತದೆ, ಕರು ಎದ್ದು ನಿಲ್ಲುತ್ತದೆ. ಒಳಗಿನ ಸೋಂಕು ಮಾತ್ರ ಹಾಗೇ ಇರುತ್ತದೆ, ಅದರ ಜೊತೆ ಹೋರಾಡುವ ಶಕ್ತಿಯೂ ತಗ್ಗಿರುತ್ತದೆ. ಮತ್ತೆ ಮತ್ತೆ ಚುಚ್ಚಿದರೆ ಮಾಂಸಖಂಡ ಸೊರಗಿ ಬೆಳವಣಿಗೆ ಕುಂಠಿತವಾಗುತ್ತದೆ. ಬಾವು, ಅಲರ್ಜಿ ನೋಡಿ ವೈದ್ಯರೇ ಅಳತೆ ಮಾಡಿ ಕೊಟ್ಟರೆ ಆ ಮಾತು ಬೇರೆ.

ಇಂಜೆಕ್ಷನ್ ಹಾಕಲು ಬಂದವರ ಹತ್ತಿರ ಮದ್ದಿನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ದನ ಗಬ್ಬವಾಗಿದ್ದರೆ ಎಷ್ಟು ತಿಂಗಳು ಎಂದು ಮೊದಲೇ ಹೇಳಿ. ಕೊನೆಯ ತಿಂಗಳುಗಳಲ್ಲಿ ಡೆಕ್ಸಾ ಬಿದ್ದರೆ ದಿನ ತುಂಬುವ ಮೊದಲೇ ಕರು ಹಾಕಿ, ಕಸ ಬೀಳದೆ ಉಳಿಯುವುದುಂಟು. ಪಶು ಆಂಬುಲೆನ್ಸಿಗೆ 1962 ನಂಬರ್ ಇದೆ.