ಬಾವುಟ ಓದುತ್ತಿದ್ದವನ ಪದಕಗಳು

ಪದಕದ ಮುಖಕ್ಕಿಂತ ಅಂಚನ್ನೇ ಮೊದಲು ನೋಡಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ರಾಯಲ್ ನೇವಿಯ ನಾವಿಕರಿಗೆ ಸಂದ ಪದಕಗಳ ಮೇಲೆ ಅವರ ಹೆಸರು, ಸೇವಾ ಸಂಖ್ಯೆ, ದರ್ಜೆ ಒತ್ತಿರುತ್ತಿದ್ದವು. ಸಂಖ್ಯೆಗೆ ಮುಂಚೆ 'ಜೆ' ಅಕ್ಷರವಿದ್ದರೆ ಅವನು ಡೆಕ್ಕಿನ ನಾವಿಕ ಅಥವಾ ಸಂದೇಶ ವಿಭಾಗದವನು, 'ಸಿಗ್.' ಎಂದಿದ್ದರೆ ಸಿಗ್ನಲ್‌ಮನ್.

ಇಂಥವರಲ್ಲಿ ಅನೇಕರು ಮೀಸೆ ಮೂಡುವ ಮೊದಲೇ ಇಂಗ್ಲೆಂಡಿನ ಶಾಟ್ಲಿಯ ನೌಕಾ ತರಬೇತಿ ಶಾಲೆ ಸೇರಿದ ಹುಡುಗರು. ಬಾವುಟಗಳ ಸಂಕೇತ, ಕೈಬಾವುಟದ ಸೆಮಾಫೋರ್, ದೀಪ ಮಿನುಗಿಸುವ ಮೋರ್ಸ್ ಎಲ್ಲವೂ ಕಂಠಪಾಠವಾಗಬೇಕಿತ್ತು. ಆಮೇಲೆ ಗಾಳಿ ಮಳೆಗೆ ಮೈಯೊಡ್ಡಿ ಹಡಗಿನ ಬ್ರಿಡ್ಜ್ ಮೇಲೆ, ದೂರದರ್ಶಕಕ್ಕೆ ಕಣ್ಣಿಟ್ಟು ನಿಲ್ಲುವ ಕೆಲಸ.

ಆ ಕಣ್ಣಿನ ಬೆಲೆ 1916ರ ಮೇ 31ರಂದು, ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ಜಟ್ಲೆಂಡ್ ಕದನದಲ್ಲಿ ತಿಳಿಯಿತು. ಬ್ರಿಟಿಷ್ ಪಡೆಯ 'ಲಯನ್' ಹಡಗು ಬಾವುಟದಲ್ಲಿ ದಿಕ್ಕು ಬದಲಿಸುವ ಆಜ್ಞೆ ಕೊಟ್ಟಿತು. ಸುಮಾರು 5 ಮೈಲಿ ಆಚೆಗಿದ್ದ 'ಬಾರ್‌ಹಮ್'ನಿಂದ ಹೊಗೆಯಲ್ಲಿ ಅದನ್ನು ಓದಲಾಗಲಿಲ್ಲ. 'ಬಾರ್‌ಹಮ್' ಸೇರಿ ನಾಲ್ಕು ಬಲಿಷ್ಠ ಯುದ್ಧನೌಕೆಗಳು ತಡವಾಗಿ ತಿರುಗಿ, ಕದನದ ಮೊದಲ ಹೊತ್ತಿನಲ್ಲಿ ಹಿಂದುಳಿದವು.

ಇಂಥ ನಾವಿಕರ ಪದಕಗಳ ಸಾಲಿನಲ್ಲಿರುವ, ಕತ್ತಿಗಳು ಅಡ್ಡಹಾಯ್ದ ಕಂಚಿನ 1914-15 ಸ್ಟಾರ್, ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್, ಕಾಮನಬಿಲ್ಲಿನ ಬಣ್ಣದ ಪಟ್ಟಿಯ ವಿಕ್ಟರಿ ಮೆಡಲ್ ಲಕ್ಷಾಂತರ ಜನರಿಗೆ ಸಿಕ್ಕವು. ದೀರ್ಘಸೇವೆಯ ಪದಕ ಹಾಗಲ್ಲ. ಅದಕ್ಕೆ ಕಪ್ಪುಚುಕ್ಕೆಯಿಲ್ಲದ 15 ವರ್ಷದ ನಡತೆ ಬೇಕಿತ್ತು, ಹದಿನೆಂಟು ತುಂಬುವ ಮುಂಚಿನ ಸೇವೆ ಲೆಕ್ಕಕ್ಕಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಸಾಲಿನಲ್ಲಿ ಹೆಚ್ಚು ತೂಕದ್ದು ಇದೇ. ಇದರ ಅಂಚಿನಲ್ಲಿ ಹಡಗಿನ ಹೆಸರೂ ಇರುತ್ತಿತ್ತು. ದರ್ಜೆ 'ಯೋಮನ್ ಆಫ್ ಸಿಗ್ನಲ್ಸ್' ಎಂದಾಗಿದ್ದರೆ, ಆ ಹುಡುಗ ಈಗ ಬ್ರಿಡ್ಜಿನ ಸಂಕೇತ ತಂಡವನ್ನು ನಡೆಸುವ ಹಿರಿಯ.